ಮನೆಮಂದಿಯೆಲ್ಲ ಥೀಮ್ ಪಾರ್ಕಿಗೆ: ನೆನಪು ಯಾರ ಪಾಲಿಗೆ ಉಳಿಯುತ್ತದೆ?

ಪ್ರಶ್ನೆ: ಮುಂದಿನ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿಬರಬೇಕೆಂದಿದ್ದೇವೆ. ಅತ್ತೆ, ಮಾವ, ನಾವಿಬ್ಬರು, ಒಂಬತ್ತು ವರ್ಷದ ಮಗಳು, ಮೂರು ತುಂಬಿದ ಮಗ. ಇಂಥ ಪ್ರವಾಸ ಜೀವನಪರ್ಯಂತ ನೆನಪಿನಲ್ಲಿ ಉಳಿಯುತ್ತದೆ ಎಂದು ಜಾಹೀರಾತುಗಳೆಲ್ಲ ಹೇಳುತ್ತವೆ. ಚಿಕ್ಕವನಿಗೆ ಏನೂ ನೆನಪಿರುವುದಿಲ್ಲ, ಇನ್ನೆರಡು ವರ್ಷ ಕಾಯೋಣ ಎನ್ನುವುದು ನನ್ನ ಪತಿಯ ವಾದ. 'ಬೆಂಚಿನ ಮೇಲೆ ಕುಳಿತು ಚೀಲ ಕಾಯುವುದಕ್ಕೆ ಅಷ್ಟು ದೂರ ನಾನೇಕೆ ಬರಲಿ?' ಎನ್ನುತ್ತಾರೆ ಅತ್ತೆ. ನಿಜವಾಗಿಯೂ ಇಂಥ ಪ್ರವಾಸದಿಂದ ತಲೆಮಾರುಗಳಾಚೆ ಉಳಿಯುವ ನೆನಪು ಹುಟ್ಟುತ್ತದೆಯೇ? ಹುಟ್ಟುವುದಾದರೆ ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ. ಮನೆಯಲ್ಲಿ ಎದ್ದಿರುವ ಆಕ್ಷೇಪಗಳಲ್ಲಿ ಹೆಚ್ಚು ತೂಕದ್ದು ಅದೇ. ಈಗಿನ ಥೀಮ್ ಪಾರ್ಕಿನ ಕಲ್ಪನೆ ಹುಟ್ಟಿದ್ದೂ ಬೆಂಚಿನ ಮೇಲೆ ಕುಳಿತಿದ್ದಾಗಲೇ ಎಂದು ಅದನ್ನು ಕಟ್ಟಿದವರೇ ಹೇಳಿಕೊಂಡಿದ್ದಾರೆ. ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮರದ ಕುದುರೆಗಳ ಮೇಲೆ ಕುಳಿತು ಸುತ್ತು ಹಾಕುತ್ತಿದ್ದರೆ ತಂದೆ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕುಳಿತಿರುತ್ತಿದ್ದರು. ದೊಡ್ಡವರೂ ಮಕ್ಕಳೂ ಒಟ್ಟಿಗೆ ಸಂತೋಷಪಡುವಂಥ ಜಾಗವೊಂದು ಏಕಿರಬಾರದು ಎಂಬ ಆಲೋಚನೆ ಆಗ ಮೂಡಿತಂತೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಇಷ್ಟು ವರ್ಷಗಳಾದ ಮೇಲೂ ಅಜ್ಜಿಯರು ಬೆಂಚಿನ ಮೇಲೆ ಚೀಲ ಕಾಯುತ್ತಿದ್ದಾರೆ ಎಂದರೆ, ಆ ತಪ್ಪನ್ನು ಪಾರ್ಕಿನ ಮೇಲೆ ಹೊರಿಸುವಂತಿಲ್ಲ. ಪ್ರವಾಸದ ಯೋಜನೆ ಹಾಕಿದವರೇ ಅದಕ್ಕೆ ಹೊಣೆ. ಇದಕ್ಕೆ ಮತ್ತೆ ಬರುತ್ತೇನೆ.

ತಲೆಮಾರುಗಳಾಚೆ ಉಳಿಯುವ ನೆನಪು ಇಂಥ ಪ್ರವಾಸದಿಂದ ಹುಟ್ಟಬಲ್ಲದು. ಆದರೆ ಅದು ಟಿಕೆಟ್ಟಿನ ಜೊತೆಗೆ ಬರುವುದಿಲ್ಲ. ಪಾರ್ಕು ಕೊಡುವುದು ಕಚ್ಚಾ ಸರಕನ್ನು ಮಾತ್ರ: ಎತ್ತರದಿಂದ ಧುಮುಕಿದ ಭಯ, ದೀಪಗಳ ಮೆರವಣಿಗೆ, ತೊಯ್ದು ತೊಪ್ಪೆಯಾದ ಬಟ್ಟೆ, ಮಗು ಕಣ್ಮರೆಯಾದ ಐದು ನಿಮಿಷದ ಗಾಬರಿ. ಅದು ನೆನಪಾಗಿ ಗಟ್ಟಿಗೊಳ್ಳುವುದು ಮನೆಗೆ ಮರಳಿದ ಮೇಲೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಡುವ ಮಾತಿನಲ್ಲಿ. ಮಾತಿಲ್ಲದ ಮನೆಯಲ್ಲಿ ಎಷ್ಟು ದುಬಾರಿಯ ಪ್ರವಾಸವೂ ಮೊಬೈಲಿನಲ್ಲಿ ಬಿದ್ದಿರುವ ನಾಲ್ಕುನೂರು ಚಿತ್ರಗಳಾಗಿ ಮುಗಿಯುತ್ತದೆ. ಮಾತು ಆಡುವ ಮನೆಯಲ್ಲಿ ಒಂದೇ ದಿನದ ಸುತ್ತಾಟವೂ ಮೊಮ್ಮಕ್ಕಳು ದೊಡ್ಡವರಾಗುವ ತನಕ ಬಳಕೆಯಲ್ಲಿರುತ್ತದೆ.

ನಿಮ್ಮ ಪತಿಯ ವಾದಕ್ಕೆ ವಿಜ್ಞಾನದ ಬೆಂಬಲವಿದೆ, ಆದರೆ ಅರ್ಧ ಮಾತ್ರ. ದೊಡ್ಡವರನ್ನು ಅವರ ಬದುಕಿನ ಮೊಟ್ಟಮೊದಲ ನೆನಪು ಯಾವುದೆಂದು ಕೇಳಿದರೆ ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಸುಪಾಸಿನ ಘಟನೆಯನ್ನು ಹೇಳುತ್ತಾರೆ. ಅದಕ್ಕೂ ಹಿಂದಿನದು ಬಹುತೇಕ ಖಾಲಿ. ಹಾಗೆಂದ ಮಾತ್ರಕ್ಕೆ ಮೂರು ವರ್ಷದ ಮಗುವಿನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಪ್ರಶ್ನೆಗೆಂದೇ ಹೇಳಿ ಮಾಡಿಸಿದಂಥ ಅಧ್ಯಯನವೊಂದು 1991ರಲ್ಲಿ ಪ್ರಕಟವಾಗಿದೆ. ಮೂರು ಅಥವಾ ನಾಲ್ಕು ವರ್ಷದವರಿದ್ದಾಗ ಡಿಸ್ನಿಯ ಇನ್ನೊಂದು ಪಾರ್ಕಾದ ಡಿಸ್ನಿ ವರ್ಲ್ಡ್‌ಗೆ ಹೋಗಿಬಂದಿದ್ದ 48 ಮಕ್ಕಳನ್ನು ಹ್ಯಾಮಂಡ್ ಮತ್ತು ರಾಬಿನ್ ಫೈವುಶ್ ಎಂಬ ಸಂಶೋಧಕರು ಮಾತಿಗೆಳೆದರು. ಕೆಲವರನ್ನು ಆರು ತಿಂಗಳ ಬಳಿಕ, ಉಳಿದವರನ್ನು ಹದಿನೆಂಟು ತಿಂಗಳ ಬಳಿಕ. ಒಂದೂವರೆ ವರ್ಷ ಕಳೆದಿದ್ದರೂ ಮಕ್ಕಳು ಹೇಳಿದ್ದು ಕಡಿಮೆಯೇನಲ್ಲ. ವ್ಯತ್ಯಾಸವಿದ್ದದ್ದು ಹೇಳುವ ರೀತಿಯಲ್ಲಿ: ದೊಡ್ಡ ಮಕ್ಕಳು ತಾವಾಗಿಯೇ ವಿವರವಾಗಿ ಹೇಳಿದರು, ಚಿಕ್ಕವರಿಂದ ಪ್ರಶ್ನೆ ಕೇಳಿ ಕೇಳಿ ಹೊರಡಿಸಬೇಕಾಯಿತು.

ಹಾಗಾದರೆ ಆ ನೆನಪುಗಳೆಲ್ಲ ಮುಂದೆ ಎಲ್ಲಿಗೆ ಹೋಗುತ್ತವೆ? ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಪ್ಯಾಟ್ರೀಷಿಯಾ ಬಾವರ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳು ತಾಯಂದಿರ ಜೊತೆ ಹಳೆಯ ಸಂಗತಿಗಳ ಬಗ್ಗೆ ಆಡಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ವರ್ಷಗಳ ನಂತರ ಅದೇ ಮಕ್ಕಳನ್ನು ಅದೇ ಸಂಗತಿಗಳ ಬಗ್ಗೆ ಕೇಳಿದರು. ಐದರಿಂದ ಏಳು ವರ್ಷದವರಿಗೆ ಅರ್ಧಕ್ಕಿಂತ ಹೆಚ್ಚು ಘಟನೆಗಳು ನೆನಪಿದ್ದವು. ಎಂಟು, ಒಂಬತ್ತರ ಹೊತ್ತಿಗೆ ಅದು ಶೇ. 40ಕ್ಕೂ ಕೆಳಗೆ ಇಳಿದಿತ್ತು. ಅಂದರೆ ನೆನಪು ಕೂಡಲೇ ಅಳಿಸಿಹೋಗುವುದಿಲ್ಲ. ಕೆಲವು ವರ್ಷ ಇದ್ದು, ಯಾರೂ ಮುಟ್ಟದಿದ್ದರೆ ಸವೆದುಹೋಗುತ್ತದೆ. ಇಲ್ಲಿಯೇ ಮನೆಯವರ ಪಾತ್ರ ಬರುವುದು. ನ್ಯೂಜಿಲೆಂಡಿನಲ್ಲಿ ಫಿಯೋನಾ ಜ್ಯಾಕ್, ಎಲೇನ್ ರೀಸ್ ಮತ್ತಿತರರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಳೆಯರಾಗಿದ್ದಾಗ ಯಾರ ತಾಯಂದಿರು ಹಿಂದೆ ನಡೆದ ಸಂಗತಿಗಳನ್ನು ಬಿಡಿಸಿ ಬಿಡಿಸಿ ಮಾತಾಡಿದ್ದರೋ ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ಬದುಕಿನ ಇನ್ನೂ ಹಿಂದಿನ ಘಟನೆಗಳನ್ನು ನೆನೆಯಬಲ್ಲವರಾಗಿದ್ದರು. ಎರಡು ವರ್ಷ ಕಾಯುವುದಕ್ಕಿಂತ, ಹೋಗಿಬಂದು ಎರಡು ವರ್ಷ ಮಾತಾಡುವುದರಿಂದ ನಿಮ್ಮ ಮಗನಿಗೆ ಹೆಚ್ಚು ಲಾಭ.

ಆದರೆ ಎಲ್ಲ ಮಾತೂ ಈ ಕೆಲಸ ಮಾಡುವುದಿಲ್ಲ. ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆ. 'ನಾವು ಎಲ್ಲಿಗೆ ಹೋಗಿದ್ದೆವು?' 'ಪಾರ್ಕಿಗೆ.' 'ಅಲ್ಲಿ ಏನೇನು ನೋಡಿದೆ?' 'ರೈಲು.' 'ಇನ್ನೇನು ನೋಡಿದೆ?' ಮೌನ. 'ಬೊಂಬೆ ನೋಡಲಿಲ್ಲವೇ? ಬೊಂಬೆ ಏನು ಮಾಡುತ್ತಿತ್ತು, ಹೇಳು?' ಇದು ಪರೀಕ್ಷೆ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದೆ ಎಂಬುದು ಮಗುವಿಗೂ ಗೊತ್ತಿದೆ. ಮೂರನೆಯ ಪ್ರಶ್ನೆಗೆ ಅದರ ಗಮನ ಕಿಟಕಿಯ ಆಚೆ ಹೋಗಿರುತ್ತದೆ.

ಈಗ ಅಜ್ಜಿಯೊಬ್ಬರು ಅದೇ ಸಂಗತಿಯನ್ನು ಎತ್ತಿಕೊಳ್ಳುವ ರೀತಿ ನೋಡಿ. 'ಆ ದೋಣಿ ಗುಹೆಯೊಳಗೆ ನುಗ್ಗಿತಲ್ಲ, ನಾನು ಹೆದರಿ ಕಣ್ಣು ಮುಚ್ಚಿಕೊಂಡುಬಿಟ್ಟೆ ಕಂದಾ. ನೀನು ಏನು ಮಾಡಿದೆ?' 'ನಾನು ಮುಚ್ಚಲಿಲ್ಲ.' 'ಹೌದೇ? ಹಾಗಾದರೆ ನನ್ನ ತೋಳು ಹಿಡಿದು ಎಳೆದದ್ದು ಯಾರು?' 'ನಾನೇ. ನೀರು ಬಿತ್ತಲ್ಲ, ಅದಕ್ಕೆ.' 'ಎಲ್ಲಿ ಬಿತ್ತು?' 'ಮೂಗಿನ ಮೇಲೆ. ತಾತನ ಕನ್ನಡಕದ ಮೇಲೂ ಬಿತ್ತು, ತಾತ ಕಣ್ಣು ಕಾಣಿಸುವುದಿಲ್ಲ ಎಂದರು.' ಅಜ್ಜಿ ಮೊದಲು ತನ್ನ ಭಯವನ್ನು ಒಪ್ಪಿಸಿದಳು, ಆಮೇಲೆ ಕೇಳಿದಳು. ಕೇಳಿದ್ದು ತನಗೆ ಗೊತ್ತಿಲ್ಲದ ಸಂಗತಿಯನ್ನು. ಮಗು ಹೇಳಿದ ತುಣುಕನ್ನು ಹಿಡಿದು ಇನ್ನೊಂದು ಹೆಜ್ಜೆ ಮುಂದೆ ಹೋದಳು. ತಾತನ ಕನ್ನಡಕದ ಮೇಲೆ ಬಿದ್ದ ನೀರು ಆಕೆಗೆ ಅಲ್ಲಿಯ ತನಕ ತಿಳಿದೇ ಇರಲಿಲ್ಲ. ಈಗ ಅದು ಇಬ್ಬರ ನೆನಪು. ಸಂಜೆ ತಾತನ ಮುಂದೆ ಮತ್ತೆ ಹೇಳಿದರೆ ಮೂವರದು. ಕತೆ ಹೇಳುವ ಅಭ್ಯಾಸವೂ ಬಿಡುವೂ ಇರುವ ಹಿರಿಯರು ಈ ಕೆಲಸದಲ್ಲಿ ಸಾಮಾನ್ಯವಾಗಿ ತಂದೆತಾಯಿಯರಿಗಿಂತ ನಿಪುಣರು. ಅತ್ತೆಯವರು ಏಕೆ ಬರಬೇಕು ಎನ್ನುವುದಕ್ಕೆ ನನ್ನ ಮೊದಲ ಉತ್ತರ ಇದು.

ಇದರಿಂದ ಮಕ್ಕಳಿಗೆ ಆಗುವ ಲಾಭ ನೆನಪಿನ ಶಕ್ತಿಯೊಂದೇ ಅಲ್ಲ. ಎಮೊರಿಯಲ್ಲೇ ಮಾರ್ಷಲ್ ಡ್ಯೂಕ್ ಮತ್ತು ಫೈವುಶ್ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅಪ್ಪ ಅಮ್ಮ ಪರಿಚಯವಾದದ್ದು ಹೇಗೆ, ಅವರು ಬೆಳೆದದ್ದು ಎಲ್ಲಿ ಎಂಬಂಥ, ಮಗು ತಾನೇ ಕಂಡಿರಲಾರದ, ಯಾರೋ ಹೇಳಿಯೇ ತಿಳಿಯಬೇಕಾದ ಸಂಗತಿಗಳು ಅದರಲ್ಲಿದ್ದವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು, ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಭಾವ ಗಟ್ಟಿಯಾಗಿತ್ತು. ಇದನ್ನು ಓದಿ ಮಕ್ಕಳಿಗೆ ವಂಶವೃಕ್ಷ ಬಾಯಿಪಾಠ ಮಾಡಿಸಲು ಹೊರಡಬೇಡಿ. ಉತ್ತರ ಉರುಹೊಡೆದರೆ ಫಲವಿಲ್ಲ ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ. ಆ ಉತ್ತರಗಳು ಮಗುವಿನ ಕಿವಿಗೆ ಬೀಳುವಷ್ಟು ಸಲ ಮನೆಯವರು ಒಟ್ಟಿಗೆ ಕೂತಿದ್ದಾರೆಯೇ ಎನ್ನುವುದು ಮುಖ್ಯ. ಥೀಮ್ ಪಾರ್ಕಿನ ದಿನದಲ್ಲಿ ಇದಕ್ಕೆ ಒಂದು ವಿಚಿತ್ರ ಅವಕಾಶವಿದೆ, ಅದನ್ನು ಎಲ್ಲರೂ ಬೈಯುತ್ತಾರೆ: ಸರತಿ ಸಾಲು. ನಾಲ್ಕು ನಿಮಿಷದ ಸವಾರಿಗೆ ನಲವತ್ತು ನಿಮಿಷ ನಿಲ್ಲಬೇಕು. ಕೈಯಲ್ಲಿ ಮಾಡಲು ಕೆಲಸವಿಲ್ಲ, ಎದ್ದು ಹೋಗುವಂತಿಲ್ಲ. ಏನನ್ನಾದರೂ ಮಾಡುತ್ತ ಕಳೆದ ಕಾಯುವಿಕೆ ಸುಮ್ಮನೆ ನಿಂತು ಕಾಯುವುದಕ್ಕಿಂತ ಚಿಕ್ಕದೆನಿಸುತ್ತದೆ ಎಂದು ವ್ಯವಹಾರ ನಿರ್ವಹಣೆಯ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ಪಾರ್ಕುಗಳು ಸಾಲಿನ ದಾರಿಯನ್ನೇ ಅಲಂಕರಿಸುವುದರ ಹಿಂದಿನ ಲೆಕ್ಕಾಚಾರವೂ ಅದೇ. ನೀವು ಆ ಹೊತ್ತನ್ನು ಮೊಬೈಲಿಗೆ ಕೊಡಬೇಡಿ. 'ಮಾವ, ನೀವು ಚಿಕ್ಕವರಿದ್ದಾಗ ಮೊದಲು ಹತ್ತಿದ ಜಾತ್ರೆಯ ತೊಟ್ಟಿಲು ಯಾವುದು?' ಎಂದು ಒಂದು ಪ್ರಶ್ನೆ ಹಾಕಿ ನೋಡಿ, ಸಾಲು ತಾನಾಗಿ ಕರಗುತ್ತದೆ.

ಇಷ್ಟು ಮಾತಾಡಿದರೆ ನೆನಪು ಕಲಬೆರಕೆಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 2002ರ ಒಂದು ಪ್ರಯೋಗದಲ್ಲಿ ಡಿಸ್ನಿಲ್ಯಾಂಡಿನ ನಕಲಿ ಜಾಹೀರಾತೊಂದನ್ನು ಜನರಿಗೆ ತೋರಿಸಿದರು. ಅದರಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಮಕ್ಕಳ ಕೈ ಕುಲುಕುವ ಪ್ರಸ್ತಾಪವಿತ್ತು. ಆಮೇಲೆ ಕೇಳಿದಾಗ ಕೆಲವರು ತಾವೂ ಬಾಲ್ಯದಲ್ಲಿ ಅಲ್ಲಿ ಆ ಮೊಲದ ಕೈ ಕುಲುಕಿದ್ದೆವು ಎಂದರು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ. ಡಿಸ್ನಿಯ ಅಂಗಳದಲ್ಲಿ ಅದು ಎದುರಾಗುವ ಸಂಭವವೇ ಇರಲಿಲ್ಲ. ಮನೆಯೊಳಗೂ ಹೀಗೆಯೇ. ಅವಳಿಗಳನ್ನು ಕುರಿತ 2001ರ ಅಧ್ಯಯನವೊಂದರಲ್ಲಿ, ಒಂದೇ ಘಟನೆ ನಡೆದದ್ದು ತನಗೇ ಎಂದು ಇಬ್ಬರೂ ಪಟ್ಟುಹಿಡಿದ ಉದಾಹರಣೆಗಳು ಸಿಕ್ಕವು. ಹತ್ತು ವರ್ಷದ ಬಳಿಕ ನಿಮ್ಮ ಮಗನೂ ಅಕ್ಕನಿಗೆ ಆದದ್ದನ್ನು ತನ್ನದೆಂದು ಹೇಳುತ್ತಾನೆ, ಅವಳು ಕೆರಳುತ್ತಾಳೆ. ಆಗ ನೀವು ನ್ಯಾಯಾಧೀಶರಾಗಬೇಡಿ. ಆ ಜಗಳದಿಂದಲೇ ಕತೆ ಮತ್ತಷ್ಟು ವರ್ಷ ಓಡಾಡುತ್ತದೆ. ಕೋರ್ಟಿನ ಸಾಕ್ಷಿಗೆ ಬೇಕಾದಷ್ಟು ನಿಖರತೆ ಮನೆಯ ಕತೆಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ ಬೇಕು: ಮಗು ಅತ್ತದ್ದು, ಚಡ್ಡಿ ಒದ್ದೆಮಾಡಿಕೊಂಡದ್ದು ಇಂಥವನ್ನು ಬಂದವರೆದುರು ನಗೆಯಾಗಿಸಿ ಹೇಳಬಾರದು. ಅಂಥ ಕತೆಯೂ ಉಳಿಯುತ್ತದೆ, ಕಹಿಯಾಗಿ.

ತಲೆಮಾರುಗಳ ನಡುವಿನ ಈ ನಂಟಿಗೆ ಬೇರೆ ಪ್ರವಾಸಗಳಿಗಿಂತ ಪಾರ್ಕು ಹೆಚ್ಚು ಒದಗುವುದು ಒಂದು ಕಾರಣಕ್ಕೆ: ಅಲ್ಲಿ ಹಳೆಯದನ್ನು ಕೆಡವದೆ ಇಟ್ಟುಕೊಳ್ಳುವ ರೂಢಿಯಿದೆ. ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನ 1843ರಿಂದ ನಡೆಯುತ್ತಿದೆ. ಅಲ್ಲಿ 1914ರಲ್ಲಿ ಕಟ್ಟಿದ ಮರದ ರೋಲರ್ ಕೋಸ್ಟರ್ ಇಂದಿಗೂ ಓಡುತ್ತದೆ; ಬ್ರೇಕು ಹಾಕುವವನೊಬ್ಬ ಬಂಡಿಯಲ್ಲೇ ಕುಳಿತು ಪ್ರತಿ ಇಳಿಜಾರಿನ ವೇಗವನ್ನು ಕೈಯಾರೆ ಹತೋಟಿಯಲ್ಲಿಡುತ್ತಾನೆ. ವಿಯೆನ್ನಾದ ಪ್ರಾಟರ್ ಮೈದಾನದ ದೈತ್ಯ ಚಕ್ರ 1897ರದು, ಯುದ್ಧದಲ್ಲಿ ಸುಟ್ಟು ಮತ್ತೆ ಎದ್ದು ನಿಂತದ್ದು. ಡಿಸ್ನಿಲ್ಯಾಂಡಿನ ಜಂಗಲ್ ಕ್ರೂಸ್ ದೋಣಿಗಳು ಮೊದಲ ದಿನದಿಂದಲೂ ಇವೆ. ಇಲ್ಲೆಲ್ಲ ಅಜ್ಜಿ ಚಿಕ್ಕಂದಿನಲ್ಲಿ ಹತ್ತಿದ್ದ ಸವಾರಿಯನ್ನೇ ಮೊಮ್ಮಗಳೂ ಹತ್ತಬಹುದು, ಅದೂ ಅಜ್ಜಿಯ ಪಕ್ಕದಲ್ಲಿ ಕುಳಿತು. ಅದೇ ತಿರುವು, ಅದೇ ಎಣ್ಣೆಯ ವಾಸನೆ, ಅದೇ ಕಿರ್ರೆನ್ನುವ ಮರ. ಹಾಗೆಂದು ಪಾರ್ಕಿನ ಮಾತನ್ನು ಪೂರ್ತಿ ನಂಬಬೇಡಿ. ಅವು ಮೊದಲು ವ್ಯಾಪಾರ, ಆಮೇಲೆ ಪರಂಪರೆ. ಎಷ್ಟೋ ಕುಟುಂಬಗಳಿಗೆ ಪ್ರಿಯವಾಗಿದ್ದ ಸ್ಪ್ಲ್ಯಾಶ್ ಮೌಂಟನ್ ಸವಾರಿಯನ್ನು ಡಿಸ್ನಿ 2023ರಲ್ಲಿ ಅಮೆರಿಕದ ತನ್ನ ಪಾರ್ಕುಗಳಲ್ಲಿ ಮುಚ್ಚಿ, ಬೇರೆ ಕತೆಯ ಸವಾರಿಯಾಗಿ ಬದಲಿಸಿತು.

ದಿನದ ಯೋಜನೆಗೆ ಬರೋಣ. ಹೆಚ್ಚು ದಿನ, ಹೆಚ್ಚು ಸವಾರಿ, ಹೆಚ್ಚು ನೆನಪು ಎಂಬ ಲೆಕ್ಕ ತಪ್ಪು. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರ 1993ರ ಪ್ರಯೋಗದಲ್ಲಿ ಜನರು ಒಮ್ಮೆ ಕೈ ನೋಯುವಷ್ಟು ತಣ್ಣನೆಯ, 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡು, ಜೊತೆಗೆ ಮತ್ತೆ 30 ಸೆಕೆಂಡು. ಆ ಕೊನೆಯ ಅವಧಿಯಲ್ಲಿ ನೀರು ಸ್ವಲ್ಪವೇ ಬೆಚ್ಚಗಾಗುತ್ತಿತ್ತು. ಮತ್ತೊಮ್ಮೆ ಮಾಡಬೇಕೆಂದರೆ ಯಾವುದು ಬೇಕು ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು, ಹೆಚ್ಚು ಹೊತ್ತು ನೋಯಿಸಿದರೂ, ಎರಡನೆಯದನ್ನು. ಅನುಭವದ ಉದ್ದ ನೆನಪಿನಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಅತ್ಯಂತ ತೀವ್ರವಾದ ಕ್ಷಣ ಮತ್ತು ಕೊನೆ, ಇವೆರಡರ ಭಾರವೇ ಹೆಚ್ಚು. ಹಾಗಾಗಿ ಪಾರ್ಕು ಮುಚ್ಚುವ ತನಕ ಹಿಂಡಿಕೊಂಡು, ನಿದ್ದೆಗೆಟ್ಟ ಮಗುವನ್ನು ಎಳೆದುಕೊಂಡು, ವಾಹನ ನಿಲ್ಲಿಸಿದ್ದು ಎಲ್ಲಿ ಎಂದು ಗಂಡಹೆಂಡಿರು ಜಗಳವಾಡುತ್ತ ಹೊರಬೀಳುವ ದಿನಕ್ಕಿಂತ, ಒಂದು ತಾಸು ಮುಂಚೆಯೇ, ಎಲ್ಲರೂ ಇಷ್ಟಪಟ್ಟ ನಿಧಾನದ ಸವಾರಿಯನ್ನು ಮತ್ತೊಮ್ಮೆ ಹತ್ತಿ ಹೊರಟ ದಿನ ಮೇಲು. ನಡುವಿನ ಬಿಸಿಲು, ಕಾಲುನೋವು, ಸಿಡಿಮಿಡಿಗಳಿಗೆ ಅಂಜಬೇಡಿ. ಪ್ರವಾಸಗಳನ್ನು ಜನ ಅನುಭವಿಸುವಾಗ ಅನ್ನಿಸಿದ್ದಕ್ಕಿಂತ ಆಮೇಲೆ ಚೆನ್ನಾಗಿತ್ತೆಂದು ನೆನೆಯುತ್ತಾರೆ ಎಂಬುದನ್ನು ಟೆರೆನ್ಸ್ ಮಿಚೆಲ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದ್ದಾರೆ. ಸಣ್ಣಪುಟ್ಟ ಫಜೀತಿಗಳು ಉದುರಿಹೋಗುತ್ತವೆ, ಇಲ್ಲವೇ ನಗುವ ಕತೆಗಳಾಗುತ್ತವೆ.

ಫೋಟೊ ಬೇಕು, ಆದರೆ ಮಿತಿಯಲ್ಲಿ. ವಸ್ತುಸಂಗ್ರಹಾಲಯದಲ್ಲಿ ಬರೀ ಕಣ್ಣಿಂದ ನೋಡಿದ ವಸ್ತುಗಳಿಗಿಂತ ಕ್ಯಾಮೆರಾದಲ್ಲಿ ಇಡಿಯಾಗಿ ಸೆರೆಹಿಡಿದ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು ಎಂದು ಲಿಂಡಾ ಹೆಂಕೆಲ್ 2014ರಲ್ಲಿ ವರದಿ ಮಾಡಿದರು. ನೆನಪಿನ ಹೊರೆಯನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ತಲೆ ಸುಮ್ಮನಾಗಿಬಿಡುತ್ತದೆ. ಇನ್ನೊಂದು ದೋಷ ನಾನು ಎಷ್ಟೋ ಆಲ್ಬಮ್ಮುಗಳಲ್ಲಿ ಕಂಡದ್ದು: ಫೋಟೊ ತೆಗೆಯುವವರು ಯಾವ ಚಿತ್ರದಲ್ಲೂ ಇರುವುದಿಲ್ಲ. ಹೆಚ್ಚಾಗಿ ತಾಯಿ. ಕ್ಯಾಮೆರಾ ಕೈಯಿಂದ ಕೈಗೆ ಹೋಗಲಿ, ಒಂದಷ್ಟು ಹೊತ್ತು ಮಗಳ ಕೈಯಲ್ಲೂ ಇರಲಿ. ಅವಳು ನಿಮ್ಮೆಲ್ಲರ ಮೊಣಕಾಲುಗಳನ್ನು ತೆಗೆದರೂ ಸರಿಯೇ. ಮರಳಿದ ಮೇಲೆ ಹತ್ತಿಪ್ಪತ್ತನ್ನು ಆರಿಸಿ ಅಚ್ಚು ಹಾಕಿಸಿ, ಕೈಗೆಟಕುವಲ್ಲಿ ಇಡಿ. ಮಗು ತಾನಾಗಿ ಎತ್ತಿಕೊಂಡು ಬಂದು ಕೇಳುವುದು ಕಾಗದದ ಮೇಲಿನ ಚಿತ್ರವನ್ನು.

ಇನ್ನು ಬೆಂಚಿನ ವಿಷಯ. ಅತ್ತೆಯವರಿಗೆ ಚೀಲ ಕಾಯುವ ಕೆಲಸ ಬಿಟ್ಟು ಬೇರೆ ಅಧಿಕಾರವನ್ನು ಕೊಡಿ. ಉದಾಹರಣೆಗೆ, ದಿನದಲ್ಲಿ ಎರಡು ಸವಾರಿಗಳನ್ನು ಅವರೇ ಆರಿಸಬೇಕು, ಎಲ್ಲರೂ ಮರುಮಾತಿಲ್ಲದೆ ಹತ್ತಬೇಕು. ವೇಗದ ಸವಾರಿಗಳಿಗೆ ಎತ್ತರದ ಮಿತಿ ಇರುತ್ತದೆ, ಹಲವೆಡೆ 102 ಸೆಂಟಿಮೀಟರ್, ಕೆಲವೆಡೆ 122. ಬಾಗಿಲಲ್ಲಿ ನಿಂತ ಅಳತೆಯ ಕಂಬದ ಕೆಳಗೆ ನಿಮ್ಮ ಮಗ ಹಿಮ್ಮಡಿ ಎತ್ತಿ, ಕತ್ತು ನೀಳಮಾಡಿ, ಉಸಿರು ಬಿಗಿಹಿಡಿದು ನಿಂತರೂ ಅಡ್ಡಪಟ್ಟಿ ಅವನ ತಲೆಯ ಮೇಲೆ ಗಾಳಿಯಲ್ಲೇ ಉಳಿಯುತ್ತದೆ. ಸಿಬ್ಬಂದಿ ತಲೆಯಾಡಿಸುತ್ತಾರೆ, ಅವನ ಕೆಳದುಟಿ ಮುಂದೆ ಬರುತ್ತದೆ. ಅಕ್ಕ ಒಳಗೆ ಹೋಗುತ್ತಾಳೆ. ಆ ಹೊತ್ತಿನಲ್ಲಿ ಅಜ್ಜಿಗೂ ಮೊಮ್ಮಗನಿಗೂ ತಮ್ಮದೇ ಆದ ಒಂದು ಗುಟ್ಟಿನ ಕಾರ್ಯಕ್ರಮವಿರಲಿ: ಪುಟ್ಟ ರೈಲು, ಬೊಂಬೆಗಳ ದೋಣಿ, ಬಾತುಕೋಳಿಗಳ ಕೊಳ. ಅಕ್ಕ ಬಂದ ಮೇಲೆ ಅವಳಿಗೆ ಹೇಳಲು ಇವನ ಬಳಿಯೂ ಒಂದು ಕತೆ ಇರುತ್ತದೆ. ನೀವಿಬ್ಬರೂ ವೇಗದ ಸವಾರಿ ಬಯಸಿದರೆ, ಒಬ್ಬರು ಮಗುವಿನ ಜೊತೆ ಹೊರಗಿದ್ದು ಮತ್ತೆ ಸಾಲು ನಿಲ್ಲದೆ ಸರದಿಯಂತೆ ಹತ್ತುವ ವ್ಯವಸ್ಥೆ ದೊಡ್ಡ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಬಾಗಿಲಲ್ಲೇ ವಿಚಾರಿಸಿ.

ಹಿರಿಯರ ದೇಹದ ಬಗ್ಗೆ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಹೃದಯ, ಕತ್ತು, ಬೆನ್ನಿನ ತೊಂದರೆ ಇರುವವರು ಹತ್ತಬಾರದ ಸವಾರಿಗಳ ಮುಂದೆ ಫಲಕ ಹಾಕಿರುತ್ತಾರೆ, ಅದನ್ನು ಗೌರವಿಸಿ. ದಿನವಿಡೀ ನಡೆದರೆ ಹತ್ತು ಕಿಲೋಮೀಟರ್ ದಾಟುವುದು ಅಪರೂಪವಲ್ಲ. ನಡೆಯಬಲ್ಲವರೂ ಗಾಲಿಕುರ್ಚಿ ಬಾಡಿಗೆಗೆ ಪಡೆಯಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಮಧ್ಯಾಹ್ನದ ಮೂರು ತಾಸು ಕೋಣೆಗೆ ಮರಳಿ ಅಜ್ಜ, ಅಜ್ಜಿ, ಚಿಕ್ಕವ ಮೂವರೂ ಮಲಗಲಿ. ಅವರ ಗಡಿಯಾರಗಳು ಹೇಗೂ ಒಂದೇ ತಾಳದಲ್ಲಿ ನಡೆಯುತ್ತವೆ. ಆ ಹೊತ್ತಿನಲ್ಲಿ ಮಗಳ ಜೊತೆ ನೀವಿಬ್ಬರೇ ಪಾರ್ಕಿನಲ್ಲಿ ಉಳಿಯಿರಿ. ತಮ್ಮ ಹುಟ್ಟಿದ ಮೇಲೆ ಅಪ್ಪ ಅಮ್ಮ ಇಬ್ಬರೂ ತನ್ನೊಬ್ಬಳಿಗೇ ಸಿಗುವುದು ಅವಳಿಗೆ ದುರ್ಲಭವಾಗಿರಬಹುದು. ಒಂಬತ್ತರ ವಯಸ್ಸಿನಲ್ಲಿ ಕಂಡದ್ದು ಅವಳಲ್ಲಿ ನೇರವಾಗಿಯೇ ಉಳಿಯುತ್ತದೆ, ಯಾರ ನೆರವೂ ಬೇಕಾಗುವುದಿಲ್ಲ. ತಮ್ಮನ ಪಾಲಿನ ನೆನಪನ್ನು ಮುಂದೆ ಅವನಿಗೆ ಹೇಳುವವಳೂ ಅವಳೇ.

ಎರಡು ವರ್ಷ ಕಾಯಬೇಕೇ ಎಂದರೆ, ಬೇಡ ಎನ್ನುತ್ತೇನೆ. ಮಗನ ವಯಸ್ಸನ್ನೇ ನೋಡಿ ಲೆಕ್ಕ ಹಾಕಿದರೆ ಕಾಯುವುದು ಸರಿ ಎನಿಸಬಹುದು. ಆದರೆ ಈ ಮನೆಯಲ್ಲಿ ಕಾಯಲಾರದವರು ಅವನಲ್ಲ; ಅತ್ತೆ ಮಾವನವರ ಮೊಣಕಾಲಿಗೆ ಈ ವರ್ಷ ಸಾಧ್ಯವಾದದ್ದು ಇನ್ನೆರಡು ವರ್ಷಕ್ಕೆ ಸಾಧ್ಯವಾಗುತ್ತದೆಂಬ ಭರವಸೆ ಯಾರೂ ಕೊಡಲಾರರು. ಈಗ ಎರಡೇ ದಿನಕ್ಕೆ ಹೋಗಿಬನ್ನಿ. ಉಳಿತಾಯವಾದ ಹಣವನ್ನು ಎತ್ತಿಡಿ, ಮಗ ಆರು ಏಳು ವರ್ಷದವನಾದಾಗ ಹೊಸ ಊರು ಹುಡುಕದೆ ಅದೇ ಪಾರ್ಕಿಗೆ ಮತ್ತೆ ಹೋಗಿ. ಅಷ್ಟರಲ್ಲಿ ಅವನು 102 ಸೆಂಟಿಮೀಟರ್ ದಾಟಿರುತ್ತಾನೆ.